ಆರಾಮ ಅನ್ನದ ಕಾಕಾ

ನಮ್ಮ ಕಾಕಾ ಎಲ್ಲಿಯಾದರೂ ಕಂಡರೆ ದಯವಿಟ್ಟು ‘ಆರಾಮೇನ್ರಿ?’ ಎಂದು ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತೆಂದೇ ತಿಳಿಯಿರಿ! ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ, ‘ಆರಾಮ್ರಿ.’ ಕಾಲು ಮುರಿದು ಮಂಚದ ಮೇಲೆ ಮಲಗಿದವನು ಕೂಡ ಮೊದಲು ‘ಆರಾಮ್ರಿ’ ಎಂದು, ಆಮೇಲೆ ಹೊದಿಕೆ ಸರಿಸಿ ಕಾಲು ತೋರಿಸುತ್ತಾನೆ. ಅದು ಉತ್ತರವಲ್ಲ, ಮರ್ಯಾದೆ. ನಮ್ಮೂರು ಶಲವಡಿಯಲ್ಲಿ ಈ ಮರ್ಯಾದೆ ಕಲಿಯದೆ ಉಳಿದ ಒಬ್ಬನೇ ಮನುಷ್ಯನೆಂದರೆ ನಮ್ಮಪ್ಪನ ಈ ತಮ್ಮ.

“ಏನ್ ಕಾಕಾ, ಆರಾಮ?” ಎಂದು ಯಾರಾದರೂ ಸೈಕಲ್ಲಿನ ಮೇಲಿಂದ ಕೂಗಿದರೆ, “ಇಳಿ, ಹೇಳ್ತೀನಿ” ಎನ್ನುತ್ತಾನೆ. ಎಡ ಮೊಣಕಾಲಿನಿಂದ ಶುರುವಾಗಿ ಬಲ ಕಿವಿಗೆ ಹೋಗಿ, ಅಲ್ಲಿಂದ ಬೆಳಗಿನ ಹೊಟ್ಟೆಯ ಸಮಾಚಾರಕ್ಕೆ ಬರುತ್ತಾನೆ. ಕೇಳಿದವನು ನಡುವೆ “ಬರ್ತೀನ್ರಿ” ಎಂದರೆ ಮುಗಿಯಿತು. “ಕೇಳಿದಾವ ನೀನ ಹೌದಲ್ಲೊ?” ಎಂದು ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತಾನೆ. ನಾನು ಹತ್ತಿರದ ಅಣ್ಣಿಗೇರಿಯಲ್ಲಿ ಹೈಸ್ಕೂಲ್ ಮಾಸ್ತರ. ನಮ್ಮ ಶಾಲೆಯ ಹುಡುಗರ ಅಪ್ಪಂದಿರು ಹೀಗೆ ಸಿಕ್ಕಿಬಿದ್ದದ್ದು ದೂರದಿಂದ ಕಂಡರೆ ನಾನು ಬೇರೆ ಓಣಿ ಹಿಡಿದು ಮನೆ ಸೇರುತ್ತಿದ್ದೆ. ಸುಳ್ಳೇಕೆ, ನಾಚಿಕೆಯಾಗುತ್ತಿತ್ತು.

ಕಾಕಾನ ಉದ್ಯೋಗ ದರ್ಜಿ ಕೆಲಸ. ಅಳತೆ ಹಿಡಿಯುವಾಗ ತಾನೇ ದೊಡ್ಡ ದನಿಯಲ್ಲಿ ಹೇಳಿಕೊಳ್ಳುತ್ತ ತಾನೇ ಬರೆದುಕೊಳ್ಳುವುದು ಅವನ ಪದ್ಧತಿ. ಒಮ್ಮೆ ಪಂಚಾಯ್ತಿ ಮೆಂಬರರೊಬ್ಬರು ಹೊಸ ಪ್ಯಾಂಟಿಗೆ ಬಂದಿದ್ದರು. “ನಡಾ ನಲವತ್ನಾಕು!” ಎಂದು ಕಾಕಾ ಘೋಷಿಸಿದ. ಮೆಂಬರರು ಬಾಗಿಲ ಕಡೆ ನೋಡಿ, “ಸ್ವಲ್ಪ ಮೆಲ್ಲಕ ಹೇಳ್ರಿ, ಹೊರಗ ಮಂದಿ ಅದಾರ” ಎಂದರು. ಕಾಕಾ ಟೇಪು ಸುತ್ತುತ್ತ ಕೇಳಿದ, “ಯಾಕ್ರಿ, ಮಂದಿಗೆ ಕಣ್ಣಿಲ್ಲೇನು?”

ಇಂಥವನ ಅಳತೆ ಪುಸ್ತಕದಲ್ಲಿ ಒಂದು ವರ್ಷ ಅಕ್ಷರಗಳು ಸಣ್ಣಗಾಗತೊಡಗಿದವು. ಸಾಲಿನ ಆರಂಭದಲ್ಲಿ ಕಡಲೆಯಷ್ಟಿದ್ದದ್ದು ಕೊನೆಗೆ ಬರುವಷ್ಟರಲ್ಲಿ ಸಾಸಿವೆ! ಆಮೇಲೆ ಬಲಗೈಯ ಹೆಬ್ಬೆರಳು, ತೋರುಬೆರಳು ಸುಮ್ಮನೆ ಕೂತಾಗಲೂ ಒಂದನ್ನೊಂದು ಉಜ್ಜತೊಡಗಿದವು, ಥೇಟ್ ದೇವರ ಮುಂದೆ ಬತ್ತಿ ಹೊಸೆದ ಹಾಗೆ. “ಏನ್ ಕಾಕಾ, ಭಕ್ತಿ ಹೆಚ್ಚಾತೇನು?” ಎಂದು ಗಿರಾಕಿಯೊಬ್ಬ ನಕ್ಕ. “ಭಕ್ತಿ ಅಲ್ಲಲೇ, ಏನೋ ರೋಗ” ಎಂದ ಕಾಕಾ. ಹುಬ್ಬಳ್ಳಿಯ ಡಾಕ್ಟರು ಅದಕ್ಕೆ ಹೆಸರು ಕೊಟ್ಟರು, ಪಾರ್ಕಿನ್ಸನ್.

ಹೆಸರು ಸಿಕ್ಕ ಮೇಲೆ ಕಾಕಾನ ಬಾಯಿ ಕಟ್ಟುವವರುಂಟೆ? ಬೀಗರ ಮನೆಯ ಉಡಿ ತುಂಬುವ ಕಾರ್ಯದಲ್ಲಿ ಅವನನ್ನು ಮೂಲೆಯ ಜಮಖಾನೆಯ ಮೇಲೆ ಕೂರಿಸಿ, ಆ ಕೈಯ ಮೇಲೆ ನಾನೇ ಶಾಲು ಹೊದಿಸಿದ್ದೆ. ಯಾರೋ ಹಿರಿಯರು ಶಾಲು ಕುಣಿಯುವುದನ್ನು ನೋಡಿ ಏನಾಯಿತೆಂದು ಕೇಳಿದರು. “ಥಂಡಿ ಹತ್ತೇತ್ರಿ” ಎಂದೆ. ಕಾಕಾ ಶಾಲು ಕಿತ್ತೊಗೆದು ಕೈ ಮುಂದೆ ಚಾಚಿ, “ಥಂಡಿ ಅಲ್ರಿ, ಪಾರ್ಕಿನ್ಸನ್. ಹಿಡದ ನೋಡ್ರಿ” ಎಂದ. ಪ್ರಸಾದಕ್ಕೆ ಬಂದ ಹಾಗೆ ಜನ ಸಾಲಾಗಿ ಬಂದು ಆ ಕೈ ಹಿಡಿದು ನೋಡಿ ಹೋದರು! ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಆ ಹಿರಿಯರು ಮಾತ್ರ ಹೋಗುವಾಗ ಕಾಕಾನನ್ನು ಬದಿಗೆ ಕರೆದು, ತಮ್ಮ ಎಡಗೈಯೂ ಒಂದು ವರ್ಷದಿಂದ ಹೀಗೇ ಇದೆಯೆಂದೂ ಯಾರಿಗೂ ಹೇಳಿಲ್ಲವೆಂದೂ ಮೆಲ್ಲಗೆ ಹೇಳಿದರಂತೆ.

ಮುಂದೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಈ ರೋಗಕ್ಕೆ ಹೊಸ ಗುಳಿಗೆಯ ಪ್ರಯೋಗ ಶುರುವಾಯಿತು. ಕಾಕಾನೂ ಸೇರಬಹುದೆಂದರು. ಅಲ್ಲಿನ ಡಾಕ್ಟರ್ ಮೇಡಮ್ಮಿಗೆ ಸಹನೆ ಬಹಳ. ಒಪ್ಪಿಗೆ ಪತ್ರದ ಅಷ್ಟೂ ಹಾಳೆಗಳನ್ನು ಕಾಕಾ ಓದಿಸಿಕೊಂಡ. ಅರ್ಧ ಜನಕ್ಕೆ ಹೊಸ ಔಷಧ, ಇನ್ನರ್ಧ ಜನಕ್ಕೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಯಾರಿಗೂ ಹೇಳುವುದಿಲ್ಲ.

“ನಿಮಗರ ಗೊತ್ತಿರತೈತೇನ್ರಿ?” ಎಂದ ಕಾಕಾ.

“ನನಗೂ ಇಲ್ರಿ ಕಾಕಾ.”

“ಅಂದ್ರ ಕೊಡೋರಿಗೂ ಗೊತ್ತಿಲ್ಲ, ತಗೊಳ್ಳೋರಿಗೂ ಗೊತ್ತಿಲ್ಲ! ಒಂದ ವ್ಯಾಳೆ ನಂದು ಖಾಲಿ ಗುಳಗಿ ಇದ್ರ?”

“ಇದ್ರೂ ನಿಮ್ಮ ಮಾತು ನಮಗ ಬೇಕ್ರಿ. ನೀವು ಇದ್ದದ್ದು ಇದ್ದಂಗ ಹೇಳಿದ್ರನ, ಹೊಸಾದು ಖರೇನ ಕೆಲಸ ಮಾಡ್ತೈತೋ ಇಲ್ಲೋ ತಿಳಿಯೂದು. ನಾಳೆ ಎಷ್ಟೋ ಮಂದಿಗೆ ಉಪಯೋಗ ಆಕ್ಕೈತಿ.”

ಕಾಕಾನ ಮುಖ ನೋಡಬೇಕಿತ್ತು! ನಲವತ್ತು ವರ್ಷ ಊರೆಲ್ಲ ಯಾವ ಉತ್ತರಕ್ಕೆ ಹೆದರಿ ಓಡಿತ್ತೋ, ಅದೇ ಉತ್ತರವನ್ನು ಒಂದು ದೊಡ್ಡ ಆಸ್ಪತ್ರೆ ಕುರ್ಚಿ ಹಾಕಿ ಕೇಳುತ್ತಿದೆ. ಅದೂ ಅರ್ಧ ಗಂಟೆಗೊಮ್ಮೆ, ಬರವಣಿಗೆಯಲ್ಲಿ! ಪ್ರತಿ ತಪಾಸಣೆಯ ಮುಂಚಿನ ಮೂರು ದಿನ, ಎದ್ದಾಗಿನಿಂದ ಮಲಗುವತನಕ, ಅರ್ಧ ಗಂಟೆಗೊಂದು ಚೌಕ. ಕೈಕಾಲು ಚಲೋ ಆಡುತ್ತಿದ್ದವೋ, ಬಿಗಿದಿದ್ದವೋ, ಮೈ ಅತಿಯಾಗಿ ಕುಣಿಯುತ್ತಿತ್ತೋ, ನಿದ್ದೆಯಿತ್ತೋ ಎಂದು ಗುರುತು ಹಾಕಬೇಕು. ಕಾಕಾನ ಸಾಸಿವೆ ಅಕ್ಷರ ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅವನ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಅವನು ಇರುವುದೂ ನಮ್ಮ ಮನೆಯಲ್ಲೇ.

ಎರಡು ಸಲ ನೆಟ್ಟಗೆ ಬರೆದೆ. ಆದರೆ ಅದೇನು ಸುಲಭವೇ? “ಬಿಗಿತ ಅಂತ ಹಾಕಲೇನು?” ಎಂದರೆ, “ಪೂರಾ ಬಿಗಿತ ಅಲ್ಲ, ರೂಪಾಯದಾಗ ಹತ್ತಾಣೆ” ಎನ್ನುತ್ತಾನೆ. ಹತ್ತಾಣೆಗೆ ಚೌಕ ಇಲ್ಲ ಎಂದರೆ “ಬಾಜೂಕ ಬರಿ” ಎನ್ನುತ್ತಾನೆ. ಬದಿಯಲ್ಲಿ ಜಾಗ ಮುಗಿದರೆ ಹಾಳೆಯ ಬೆನ್ನ ಹಿಂದೆ ಬರಿ! ಮೇಡಮ್ಮು ಆ ಬೆನ್ನ ಹಿಂದಿನದನ್ನೂ ಒಂದಕ್ಷರ ಬಿಡದೆ ಓದುತ್ತಿದ್ದರು.

ಮೂರನೆಯ ಸಲ ಕುಂದಗೋಳದಲ್ಲಿ ನಮ್ಮ ಹೆಡ್‌ಮಾಸ್ತರರ ಮಗಳ ಮದುವೆ. ಮೂರು ದಿನ ಅಲ್ಲೇ ಉಳಿದೆ, ಇಸ್ಪೀಟೂ ಆಡಿದೆ. ತಪಾಸಣೆಯ ದಿನ ಬೆಳಿಗ್ಗೆ ಮನೆಗೆ ಬಂದಾಗ ಕಾಕಾ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕಾಯುತ್ತಿದ್ದ. ಮೂರು ದಿನದ್ದನ್ನೂ ತಲೆಯಲ್ಲಿಟ್ಟುಕೊಂಡಿದ್ದ. “ಮಂಗಳವಾರ ಹನ್ನೊಂದೂವರಿಗೆ...” ಎಂದು ಶುರು ಮಾಡಿದ. “ಬಸ್ಸಿನ್ಯಾಗ ಹೇಳು ಕಾಕಾ” ಎಂದು ಬಾಯಿ ಮುಚ್ಚಿಸಿದೆ. ಬಸ್ಸಿನಲ್ಲಿ ಅವನಿಗೆ ಜೋಂಪು ಹತ್ತಿತು. ಎಬ್ಬಿಸಲಿಲ್ಲ. ಎಲ್ಲ ಚೌಕಗಳಲ್ಲೂ ‘ಚಲೋ’, ನಡುನಡುವೆ ಒಂದೊಂದು ‘ನಿದ್ದೆ’ ತುಂಬಿಬಿಟ್ಟೆ. ಕಾಪಿ ಹೊಡೆದ ಹುಡುಗರನ್ನು ಬಾಗಿಲ ಹೊರಗೆ ನಿಲ್ಲಿಸುವ ಮಾಸ್ತರ ನಾನು! ಸಮಾಧಾನವನ್ನೂ ಮಾಡಿಕೊಂಡೆ. ಇಷ್ಟು ಪ್ರೀತಿಯಿಂದ ನೋಡುವ ಮೇಡಮ್ಮಿಗೆ ಗುಣ ಇಲ್ಲ ಎಂದು ಹೇಗೆ ಹೇಳುವುದು? ಊಟಕ್ಕೆ ಕರೆದವರಿಗೆ ಸಾರು ಸಪ್ಪೆ ಎಂದಂತೆ ಆಗುವುದಿಲ್ಲವೇ?

ಕಾಕಾ ಎಚ್ಚರಾಗಿ ಹಾಳೆ ಕೇಳಿದ. “ಬರದಾತು” ಎಂದೆ.

“ನಾ ಹೇಳಲಾರದ ಹ್ಯಾಂಗ ಬರದಿ?”

“ನಿಂದು ನನಗ ಗೊತ್ತಿಲ್ಲೇನು ಕಾಕಾ?”

ಅವನು ನನ್ನನ್ನೇ ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ.

ಮೇಡಮ್ಮು ಹಾಳೆ ನೋಡಿ ಹಿಗ್ಗಿದರು. ಆಮೇಲೆ ರಕ್ತದೊತ್ತಡ ನೋಡಲೆಂದು ಕಾಕಾನ ಅಂಗಿಯ ತೋಳು ಮೇಲೇರಿಸಿದರು. ಮೊಣಕೈಯಿಂದ ಹೆಗಲತನಕ ಕಪ್ಪಾಗಿ ಕಂದಿತ್ತು.

“ಇದು ಯಾವಾಗ ಆತ್ರಿ?”

“ಮಂಗಳವಾರ ಹನ್ನೊಂದೂವರಿಗೆ. ಬಚ್ಚಲ ಬಾಗಿಲದಾಗ ಕಾಲು ಬಿಗದ್ವು, ಬಿದ್ದೆ.”

ಅವರ ಬೆರಳು ಹಾಳೆಯ ಮೇಲೆ ಮಂಗಳವಾರ ಹನ್ನೊಂದೂವರೆಗೆ ಹೋಗಿ ನಿಂತಿತು. ‘ಚಲೋ.’ “ಇದನ್ನ ಯಾರು ಬರದ್ರಿ?” ಎಂದು ಅವರು ನನ್ನ ಕಡೆ ತಿರುಗುವಷ್ಟರಲ್ಲಿ ಕಾಕಾ ಹೇಳಿದ, “ನಾನ ಹಂಗ ಬರಿ ಅಂದೆ ರೀ. ಗುಣಾ ಆಗೇತಿ ಅಂದ್ರ ನಿಮಗ ಖುಷಿ ಆಕ್ಕೈತಿ ಅಂತ.”

ನನ್ನ ಅರಿವಿನಲ್ಲಿ ಕಾಕಾ ಹೇಳಿದ ಮೊದಲ ಸುಳ್ಳು ಅದು. ಮೇಡಮ್ಮಿನ ಮುಖ ಸಣ್ಣದಾಯಿತು. “ಹಂಗಂದ್ರ ಹಿಂದಿನ ಹಾಳಿಗಳ ಮ್ಯಾಲೂ ಸಂಶಯಾ ಬರ್ತೈತ್ರಿ ಕಾಕಾ. ನಿಮ್ಮನ್ನ ಮುಂದ ಪ್ರಯೋಗದಾಗ ಇಟ್ಕೊಳ್ಳಾಕ ಆಕ್ಕೈತೋ ಇಲ್ಲೋ, ದೊಡ್ಡವರನ್ನ ಕೇಳಿ ಹೇಳಬೇಕು” ಎಂದರು. ಕಾಕಾ ತಲೆಯಾಡಿಸಿದ. ಆಗಲೂ ನಾನು ನಿಜ ಹೇಳಲಿಲ್ಲ.

ಕೆಳಗೆ ಗೇಟಿನ ಹತ್ತಿರ ಬಂದಾಗ ಕೇಳಿದೆ, “ಯಾಕ ಕಾಕಾ ಹಂಗ ಹೇಳಿದಿ?”

“ನೀ ಸಾಲಿ ಮಾಸ್ತರ. ನಾಕು ಮಂದ್ಯಾಗ ನಿನಗ ನಾಚಿಕಿ ಜಾಸ್ತಿ” ಎಂದ. “ನನಗ ಹ್ಯಾಂಗೂ ಇಲ್ಲ.”

ಅವನು ಬೈದಿದ್ದರೆ ಎಷ್ಟೋ ಚಲೋ ಇತ್ತು. ಶಾಲು ಹೊದಿಸಿದ್ದು, ಓಣಿ ತಪ್ಪಿಸಿದ್ದು, ಎಲ್ಲ ಅವನಿಗೆ ಗೊತ್ತಿತ್ತು! “ಇಲ್ಲೇ ನಿಂದ್ರು, ಬಂದೆ” ಎಂದು ಮೆಟ್ಟಿಲು ಹತ್ತಿದೆ. ಒಳಗೆ ಬೇರೆ ರೋಗಿಗಳು, ಅವರ ಮನೆಯವರು, ನರ್ಸು ಎಲ್ಲರೂ ಇದ್ದರು. ಅವರೆಲ್ಲರೆದುರಿಗೆ ಹೇಳಿದೆ. ಮದುವೆ, ಇಸ್ಪೀಟು, ಬಸ್ಸು, ಒಂದನ್ನೂ ಬಿಡಲಿಲ್ಲ. ಮೇಡಮ್ಮು ಆ ಮೂರು ದಿನದ ಹಾಳೆಗಳ ಮೇಲೆ ಅಡ್ಡ ಗೆರೆ ಎಳೆದು, ಕಾರಣ ಬರೆದು, ನನ್ನ ಸಹಿ ಹಾಕಿಸಿಕೊಂಡರು. “ಇವು ಹೋದ್ವು. ಆದ್ರ ಕಾಕಾನ ಮಾತಿನ ಮ್ಯಾಲೆ ನನಗ ಸಂಶಯಾ ಉಳೀಲಿಲ್ಲ, ಹಂಗಂತ ದೊಡ್ಡವರಿಗೆ ಬರೀತೀನಿ. ಮುಂದ ಬ್ಯಾರೆ ಯಾರರ ಬರದ್ರ ಚಲೋ, ಮಾಸ್ತರ್ರ” ಎಂದರು.

ಕೆಳಗೆ ಬಂದರೆ ಕಾಕಾ ಬಿಟ್ಟಲ್ಲೇ ನಿಂತಿದ್ದ. ಗೇಟಿನ ಕಬ್ಬಿಣದ ಪಟ್ಟಿಯ ಮುಂದೆ ಅವನ ಎರಡೂ ಪಾದಗಳು ಬಿಗಿದು ನೆಲಕ್ಕೆ ಅಂಟಿದ್ದವು. ಜನ ಬೈಯುತ್ತ ಪಕ್ಕದಿಂದ ನುಸುಳುತ್ತಿದ್ದರು, ಹಿಂದೆ ಆಟೋ ಹಾರ್ನ್ ಹೊಡೆಯುತ್ತಿತ್ತು.

“ಹೇಳಿ ಬಂದ್ಯೇನು?” ಎಂದ.

“ಹೇಳಿದೆ ಕಾಕಾ. ಮುಂದ ಬ್ಯಾರೆಯವರು ಬರೀಲಿ ಅಂದ್ರು.”

“ಬ್ಯಾರೆಯವರು ಯಾಕ? ನಾ ಮೇಡಮ್ಮಾರಿಗೆ ಹೇಳ್ತೀನಿ, ನೀನ ಬರೀತಿ” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟ. “ಈಗ ನಿನ್ನ ಕಾಲು ನನ್ನ ಕಾಲ ಮುಂದ ಅಡ್ಡ ಇಡು. ಏನರ ದಾಟೂದಿದ್ರ ಹೆಜ್ಜಿ ಏಳ್ತೈತಿ ಅಂತ ಮೇಡಮ್ಮಾರು ಕಲಿಸ್ಯಾರ.”

ಹಿರಿಯರ ಕಾಲಿಗೆ ಕಾಲು ಅಡ್ಡ ಕೊಡುವುದೇ? ಅಷ್ಟು ಜನರ ನಡುವೆ ಚಪ್ಪಲಿ ಕಳಚಿ, ಬರಿಗಾಲನ್ನು ಅವನ ಪಾದದ ಮುಂದೆ ಚಾಚಿದೆ. ಎಲ್ಲರೂ ನೋಡುತ್ತಿದ್ದರು. ನಡುಗುವ ಆ ಕೈಯ ಮೇಲೆ ನನ್ನ ಕೈ ಒತ್ತಿ ಹಿಡಿದುಕೊಂಡೆ. ಕಾಕಾ ಒಂದು ಹೆಜ್ಜೆ ಎತ್ತಿ, ನನ್ನ ಕಾಲು ದಾಟಿಸಿ ಆಚೆ ಇಟ್ಟ. ನನಗೆ ಅಳು ಬಂತು. ಕಾಲು ಹಿಂದಕ್ಕೆ ತೆಗೆಯಲು ಹೋದೆ.

“ತಡಿಯಲೇ,” ಎಂದ ಕಾಕಾ, “ಇನ್ನೊಂದು ಕಾಲು ಈ ಕಡೆನ ಐತಿ.”