ಹಂಸಲೋಕದಲ್ಲಿ ವನಭೋಜನ

ಹೆಬಳೆಯ ಮಾದೇವನಿಗೆ ಲೋಕದಲ್ಲಿ ಶತ್ರುಗಳೆಂಬವರಿರಲಿಲ್ಲ; ಇದ್ದವನು ಭಾವನೊಬ್ಬನೇ. ಹೆಂಡತಿ ಮಹಾಲಕ್ಷ್ಮಿಯ ಅಣ್ಣನಾದ ಆ ಪ್ರಮೋದ, ಪ್ರತಿ ಕಾರ್ತಿಕದಲ್ಲಿಯೂ ಮಿರ್ಜಾನದ ತನ್ನ ಹಿತ್ತಲಿನ ನೆಲ್ಲಿಮರದಡಿ ಎರಡೂ ಮನೆಯವರನ್ನು ಕೂಡಿಸಿ ವನಭೋಜನ ಮಾಡಿಸುತ್ತಿದ್ದನು. ಉಂಡು ಬಂದ ಮೇಲೆ ಮರುವರ್ಷದ ಕಾರ್ತಿಕದವರೆಗೆ ಮಾದೇವನ ಮನೆಯಲ್ಲಿ ಭಾವಸ್ತೋತ್ರದ ಅಖಂಡ ಪಾರಾಯಣ. (ತನ್ನ ಸಾರಿಗೆ ಉಪ್ಪು ಹೆಚ್ಚಾದರೂ ಮಹಾಲಕ್ಷ್ಮಿ, "ನಮ್ಮಣ್ಣನ ಮನೇಲಿ ಆಗಿದ್ರೆ..." ಎಂದೇ ಮಾತು ತೆಗೆಯುವಳು.) ಒಮ್ಮೆಯಾದರೂ ತಾನು ಯಜಮಾನನಾಗಿ ನಿಂತು, ಭಾವನ ಎಲೆಗೆ ಕೈಯಾರೆ ಪಾಯಸ ಬಡಿಸಬೇಕೆಂಬುದು ಮಾದೇವನ ಜೀವಮಾನದ ಸಂಕಲ್ಪವಾಗಿತ್ತು.

ಹೀಗಿರಲು ಅವನ ಮೊಬೈಲಿನಲ್ಲಿ ಒಂದು ಜಾಹೀರಾತು ಅವತರಿಸಿತು: 'ಹಂಸಲೋಕ ಕುಟುಂಬ ಮಹೋತ್ಸವ, ಹೊನ್ನಾವರ'. ಶರಾವತಿಯ ಮೇಲೆ ತೇಲುವ ಸ್ಫಟಿಕದ ಮಂಟಪ. ಆನೆಗಾತ್ರದ ಶ್ವೇತಹಂಸವನ್ನೇರಿ ನಗುವ ಸಂಸಾರ. ದಡದಲ್ಲಿ ಫಲಭಾರದಿಂದ ಬಾಗಿದ ನೆಲ್ಲಿಮರ. ಅದರಡಿ, ಹಸಿರೇ ಕಾಣದಷ್ಟು ಭಕ್ಷ್ಯ ತುಂಬಿದ ಬಾಳೆಲೆಗಳು.

"ಅಪ್ಪಾ, ಇದು ಎಐ ಮಾಡಿದ ಚಿತ್ರ," ಎಂದಳು ಕಾಲೇಜಿಗೆ ಹೋಗುವ ಮಗಳು ರಂಜಿತಾ. "ಬಡಿಸುವವನ ಕೈ ನೋಡು, ಏಳು ಬೆರಳು ಅದೆ."

"ಇರ್ಲಿ ಬಿಡು. ಬೇಗ ಬಡಿಸ್ತಾನೆ."

ತಾಯಿ ಹಮ್ಮ ಕನ್ನಡಕವೇರಿಸಿದಳು. "ಎಂತ ಮಗಾ ಇದು? ನೆಲ್ಲಿಕಾಯಿ ಕುಂಬಳಕಾಯಿ ಅಷ್ಟು ಅದೆಯಲ!"

"ಹೈಬ್ರಿಡ್, ಅಬ್ಬೆ."

ಸಂಶಯಗಳೆಲ್ಲ ಹೀಗೆ ನಿವಾರಣೆಯಾದವು. ಅಡುಗೆಯ ಗೊಡವೆಯೇ ಬೇಡವೆಂದು ಹೆಂಡತಿಗೆ ಅಪ್ಪಣೆಯಾಯಿತು. ಮಿರ್ಜಾನಕ್ಕೂ ಫೋನು ಹೋಯಿತು: "ಭಾವ, ಈ ವರ್ಷ ನೀವು ಬರೀ ಕೈಯಲ್ಲಿ ಬರೂದು. ಯಜಮಾನಿಕೆ ನಂದು!"

ಆದಿತ್ಯವಾರ ಹಂಸಲೋಕದ ದರ್ಶನವಾಯಿತು. ಸ್ಫಟಿಕದ ಮಂಟಪವು ತೇಪೆ ಹಾಕಿದ ಶಾಮಿಯಾನವಾಗಿತ್ತು. ಶರಾವತಿಯು ತನ್ನ ಪಾಡಿಗೆ ದೂರದಲ್ಲಿ ಹರಿಯುತ್ತಿದ್ದಳು. ಇಲ್ಲಿದ್ದದ್ದು ನೀಲಿ ತಾಡಪಾಲಿನ ಮೇಲೆ ನಿಲ್ಲಿಸಿದ ಮೊಣಕಾಲುದ್ದದ ನೀರು. ಅದರ ನಡುವೆ ಫೈಬರಿನ ಹಂಸದೋಣಿಯೊಂದು ಕುತ್ತಿಗೆ ಮುರಿದು, ಸಂಸಾರದಲ್ಲಿ ವೈರಾಗ್ಯ ತಾಳಿದಂತೆ ತಲೆಯನ್ನು ನೀರಿನಲ್ಲಿಟ್ಟಿತ್ತು. ಭಕ್ಷ್ಯಗಳ ಸ್ಥಾನದಲ್ಲಿ ಕಾಗದದ ತಟ್ಟೆಯ ಚಿತ್ರಾನ್ನವಿತ್ತಂತೆ, ಅದೂ ಮುಗಿದಿತ್ತು.

ನೆಲ್ಲಿಮರ ಮಾತ್ರ ಚಿತ್ರದಲ್ಲಿದ್ದಂತೆಯೇ ಇತ್ತು, ಏಕೆಂದರೆ ಅದು ಚಿತ್ರವೇ ಆಗಿತ್ತು. ದೃಷ್ಟಿ ಮಂದವಾಗಿದ್ದ ಹಮ್ಮ ಅದಕ್ಕೆ ಅರಿಶಿನ ಕುಂಕುಮವೇರಿಸಿ, ಮಲ್ಲಿಗೆ ಮುಡಿಸಿ, ಕರ್ಪೂರ ಹಚ್ಚಲು ಕಡ್ಡಿ ಗೀರುವಷ್ಟರಲ್ಲಿ ವ್ಯವಸ್ಥಾಪಕ ಓಡಿಬಂದ.

"ಅಜ್ಜೀ, ಬೇಡ! ಅದು ಫ್ಲೆಕ್ಸು!"

"ಫ್ಲೆಕ್ಸಾ? ನಮ್ಮ ಮಗ ಹೈಬ್ರಿಡ್ ಅಂದಿದ್ದ."

ಮಹಾಲಕ್ಷ್ಮಿ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದಳು. (ವಿವಾಹಿತರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.) ಆಗ ಪ್ರಮೋದ ಕಾರಿನ ಹಿಂಬಾಗಿಲು ತೆರೆದು ಒಂದು ನೆಲ್ಲಿಯ ಗೆಲ್ಲನ್ನೂ ಬಾಳೆಲೆಯ ಕಟ್ಟನ್ನೂ ಎರಡು ದೊಡ್ಡ ಪಾತ್ರೆಗಳನ್ನೂ ಇಳಿಸಿದನು.

"ಬೇಜಾರ ಮಾಡ್ಕಳಬೇಡಿ ಭಾವ. ನೆಲ್ಲಿ ಇಲ್ಲದೆ ವನಭೋಜನ ಹೆಂಗೆ ಅಂತ ಗೆಲ್ಲೊಂದು ಮುರಕಂಡು ಬಂದೆ. ನನ್ನ ಹೆಂಡತಿ ಗಾಯತ್ರಿ ಕೇಳಬೇಕಲ, ಕೊಟ್ಟೆಕಡುಬು, ಪಾಯಸ ಕಟ್ಟೇ ಬಿಟ್ಟಳು."

ಗೆಲ್ಲನ್ನು ಮರಳು ತುಂಬಿದ ಬಕೆಟಿನಲ್ಲಿ ನೆಟ್ಟು ಹಮ್ಮ ಸಾಂಗವಾಗಿ ಪೂಜಿಸಿದಳು. ಹಲಸಿನೆಲೆಯ ಕೊಟ್ಟೆಗಳು ಬಿಚ್ಚಿಕೊಂಡವು. ಮಹಾಲಕ್ಷ್ಮಿಯ ಮುಖವೂ ಅರಳಿತು. ಮಾದೇವ ಮಾತ್ರ ಎಲೆಗೆ ಕೂರದೆ ಪಾಯಸದ ಸೌಟಿಗೆ ಕೈಹಾಕಿದನು. ಅಡುಗೆ ಯಾರದಾದರೇನು? ಬಡಿಸುವ ಕೈ ತನ್ನದಲ್ಲವೇ!

ಸೌಟು ಭಾವನ ಎಲೆಯ ಮೇಲೆ ಬರುವಷ್ಟರಲ್ಲಿ ವ್ಯವಸ್ಥಾಪಕ ಮತ್ತೆ ಪ್ರತ್ಯಕ್ಷನಾದ. "ಅಣ್ಣಾ, ಇಡೀ ಮೈದಾನದಲ್ಲಿ ನಗ್ತಾ ಇರೂದು ನಿಮ್ಮ ಸಂಸಾರ ಒಂದೇ. ಒಂದು ಫೋಟೋ ತೆಗಿತೆ. ಯಾರಾದ್ರೂ ಹಿಂದೆ ಆ ಹಂಸದ ಕುತ್ತಿಗೆ ಎತ್ತಿ ಹಿಡದ್ರೆ ಚಂದ ಬತ್ತದೆ."

ಫೋಟೋದಲ್ಲಾದರೂ ಹಂಸಲೋಕವು ಹಂಸಲೋಕದಂತೆ ಕಂಡರೆ ತನ್ನ ಮಾನ ಉಳಿದೀತು! ಮಾದೇವ ಸೌಟನ್ನು ಪ್ರಮೋದನ ಕೈಗಿತ್ತು, ಪಂಚೆ ಎತ್ತಿ ಕಟ್ಟಿ, ನೀರಿಗಿಳಿದು, ಹಂಸದ ಹಿಂದೆ ಕುಕ್ಕರಿಸಿ ಕುತ್ತಿಗೆಯನ್ನು ನೆಟ್ಟಗೆ ಹಿಡಿದನು. ಅವನು ಒದ್ದೆಯಾಗಿ ದಡ ಸೇರುವಾಗ ಪ್ರಮೋದ ಎಲ್ಲರಿಗೂ ಬಡಿಸಿ ಮುಗಿಸಿದ್ದನು.

ಊರಿಗೆ ಮರಳಿದ ಮಾದೇವ ಕೇಳಿದವರಿಗೆಲ್ಲ, "ಸ್ವರ್ಗ, ಮಾರಾಯ, ಸ್ವರ್ಗ!" ಎಂದನು. ಒಂದು ವಾರ ಕಳೆಯಿತು. ನೆರೆಮನೆಯ ಉದಯ, ಹೊರಡಲು ಕುಣಿಯುತ್ತಿದ್ದ ಮಕ್ಕಳೊಡನೆ ಮೊಬೈಲು ಹಿಡಿದು ಅಂಗಳಕ್ಕೆ ಬಂದನು.

ಹಂಸಲೋಕದ ಹೊಸ ಜಾಹೀರಾತು. ರೇಷ್ಮೆಯುಟ್ಟು ಮೈತುಂಬ ಚಿನ್ನವಿಟ್ಟ ಹಮ್ಮ, ಮದುವಣಗಿತ್ತಿಯಂತಾದ ಮಹಾಲಕ್ಷ್ಮಿ, ನಡುವೆ ಜರಿಪೇಟ ಸುತ್ತಿ, ಚಿನ್ನದ ಸೌಟಿನಿಂದ ಪಾಯಸ ಸುರಿಯುವ ಪ್ರಮೋದ ಮಹಾರಾಜ. ಹಿಂದೆ, ಕತ್ತೆತ್ತಿ ನಿಂತ ದಿವ್ಯಹಂಸ. ಮಾದೇವ ಎಲ್ಲಿಯೂ ಇರಲಿಲ್ಲ.

"ನಿಮ್ಮನೆಯವರೇ ಇದ್ದಾರಲ ಮಾದೇವಣ್ಣ, ಇನ್ನು ಮೋಸ ಎಲ್ಲಿ ಬತ್ತು? ನಾವೂ ಟಿಕೆಟ್ ತೆಗಿತೇವೆ," ಎಂದು ಉದಯ ದನಿ ತಗ್ಗಿಸಿದ. "ಅಲ್ಲ, ನಿಮ್ಮ ಭಾವ ಎಲ್ಲರನ್ನೂ ಕರಕಂಡು ಹೋಗಿ ನಿಮ್ಮೊಬ್ಬರನ್ನೇ ಬಿಟ್ಟುಹೋದ್ರಾ?"

ಮಾದೇವ ಮಕ್ಕಳನ್ನು ನೋಡಿದ. ಬಾಗಿಲಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಮಹಾಲಕ್ಷ್ಮಿಯ ಬೆರಳುಗಳು ನಿಂತಿದ್ದವು.

"ತೆಗೀಬೇಡ ಉದಯ," ಎಂದ ಕೊನೆಗೆ. "ಅಲ್ಲಿ ಎಂತದೂ ಇಲ್ಲ. ನಾ ಹೇಳಿದ್ದು ಸುಳ್ಳು."

"ಮತ್ತೆ ಈ ಹಂಸ?"

"ಅದೇ ನಾನು."

ಉದಯ ಹಂಸವನ್ನು ನೋಡಿದ, ಮಾದೇವನನ್ನು ನೋಡಿದ, ಮತ್ತೆ ಹಂಸವನ್ನು ನೋಡಿದ. ಮಹಾಲಕ್ಷ್ಮಿ ಮಲ್ಲಿಗೆಯ ದಾರವನ್ನು ಹಲ್ಲಿನಿಂದ ಕಡಿದು ನಿಟ್ಟುಸಿರಿಟ್ಟಳು.

"ಬರೀ ಕುತ್ತಿಗೆ ಹಿಡದಿದ್ರು, ಅಷ್ಟೆಯ. ನಮ್ಮಣ್ಣ ಆಗಿದ್ರೆ ಇಡೀ ಹಂಸವನ್ನೇ ಎತ್ತತಿದ್ದ."