ಐದು ಕುದುರೆಗಳ ಮೇಲೆ ಅಧಿಕಾರ ವಹಿಸಿಕೊಂಡ ಕತ್ತೆಯವರ ಸನ್ನಿಧಿಗೆ

ಮಾನ್ಯರೇ,

ನಮ್ಮ ಲಾಯದಲ್ಲಿ, ನಾನು ಹಾಸಿದ ಹುಲ್ಲಿನ ಮೇಲೆ, ನಾನು ತುಂಬಿಸಿದ ನೀರಿನ ತೊಟ್ಟಿಯ ಪಕ್ಕದಲ್ಲಿ ಸುಖಾಸೀನರಾಗಿರುವ ತಮಗೆ, ಮೂವತ್ತೊಂದು ವರ್ಷಗಳಿಂದ ಕುದುರೆಗಳನ್ನು ಸಾಕಿ ಪಳಗಿಸುತ್ತ ಬಂದಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಹೊಟ್ಟೆಯ ಸುತ್ತಳತೆಯೇ ಅದನ್ನು ಸಾರುತ್ತಿದೆ. ನಮ್ಮ ಕ್ಷೇಮವನ್ನು ತಾವು ಎಂದೂ ವಿಚಾರಿಸಿದವರಲ್ಲವಾದರೂ ತಿಳಿಸುವುದು ಪತ್ರಧರ್ಮ: ನನ್ನ ಎಡಗಡೆಯ ಪಕ್ಕೆಲುಬು ಕೂಡಿಕೊಂಡಿದೆ, ಅಕ್ಕನ ಮಂಡಿನೋವು ಇದ್ದಲ್ಲೇ ಇದೆ. ಕಾರ್ಯವಾಸಿ ಕತ್ತೆ ಕಾಲು ಹಿಡಿ ಎಂದು ಹಿರಿಯರು ಹೇಳಿದ್ದು ಯಾರದೋ ಕೆಟ್ಟ ಕಾಲವನ್ನು ಕುರಿತು ಎಂದು ತಿಳಿದಿದ್ದೆ. ಈಗ ಆರು ವಾರಕ್ಕೊಮ್ಮೆ ತಮ್ಮ ನಾಲ್ಕೂ ಕಾಲುಗಳನ್ನು ಒಂದಾದ ಮೇಲೊಂದು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆತ್ತುವಾಗ, ಅವರಿಗೆ ನನ್ನ ವಿಳಾಸವೇ ಗೊತ್ತಿತ್ತೇನೋ ಅನ್ನಿಸುತ್ತದೆ.

ತಮ್ಮ ಆಗಮನದ ವಿವರ ತಮಗೆ ಮರೆತಿರಬಹುದು. ಹನ್ನೊಂದು ತಿಂಗಳ ಹಿಂದೆ, ರಸ್ತೆಯಾಚೆಯ ಇಟ್ಟಿಗೆ ಗೂಡು ಮುಚ್ಚಿದ ವಾರದಲ್ಲಿ, ಒಂದು ಬೆಳಿಗ್ಗೆ ತಾವು ನಮ್ಮ ಗೇಟಿನ ಮುಂದೆ ನಿಂತಿದ್ದಿರಿ. ಕೊರಳಲ್ಲಿ ಒಂದು ತುಂಡು ಹಗ್ಗ, ಬೆನ್ನ ಮೇಲೆ ಹೊರೆ ಹೊತ್ತು ಸುಲಿದ ಗಾಯ. ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆಂದು ನಾನು ಹೇಳಿದೆ, ಯಾರೂ ಬರಲಿಲ್ಲ. ಈ ಲಾಯದ ಉಗ್ರಾಣವನ್ನೂ ಮನೆಯ ಅಡುಗೆಯನ್ನೂ ಜೊತೆಗೆ ನನ್ನನ್ನೂ ನೋಡಿಕೊಳ್ಳುವ ನಮ್ಮಕ್ಕ ಗಾಯಕ್ಕೆ ಮುಲಾಮು ಹಚ್ಚಿ, "ಎರಡು ದಿನ ಇರ್ಲಿ ಬಿಡು" ಅಂದಳು. ಅವಳ ಪಂಚಾಂಗದಲ್ಲಿ ಆ ಎರಡು ದಿನ ಇನ್ನೂ ಮುಗಿದಿಲ್ಲ. ತಮ್ಮ ಸಹವಾಸದಿಂದ ಕುದುರೆಗಳ ಶಿಸ್ತು ಕೆಡಬಾರದೆಂದು ನಾನು ತಮ್ಮನ್ನು ಹುಲ್ಲಿನ ಕೊಟ್ಟಿಗೆಯ ಹಿಂದೆ ಬೇರೆಯಾಗಿ ಕಟ್ಟಿದೆ. ಈ ಅಪರಾಧವನ್ನು ತಾವು ಇಂದಿಗೂ ಕ್ಷಮಿಸಿಲ್ಲವೆಂದು ನನ್ನ ಟೋಪಿಗಳ ಸ್ಥಿತಿಯಿಂದ ಊಹಿಸಿದ್ದೇನೆ.

ತಾವು ಬರುವ ಮುಂಚೆ ಇಲ್ಲಿ ಒಂದು ಶಿಸ್ತಿತ್ತು ಎಂಬುದನ್ನು ವಿನಯಪೂರ್ವಕ ಅರಿಕೆ ಮಾಡುತ್ತೇನೆ. ಐದಕ್ಕೆ ಲದ್ದಿ ತೆಗೆಯುವುದು, ಐದೂವರೆಗೆ ನೀರು, ಆಮೇಲೆ ಹುಲ್ಲು, ಹುಲ್ಲಾದ ಮೇಲಷ್ಟೇ ನೆನೆಸಿದ ಹುರುಳಿ; ಮೈ ಉಜ್ಜಿ, ಗೊರಸಿನ ಸಂದಿಯ ಕಲ್ಲು ಕೆರೆದು, ಏಳಕ್ಕೆ ಸರಿಯಾಗಿ ಅಂಗಳ. ನಾನು ಒಂದು ಸಿಳ್ಳೆ ಹಾಕಿದರೆ ದಿವಾನ ನಡೆಯುತ್ತಿದ್ದ, ಎರಡಕ್ಕೆ ಓಡುತ್ತಿದ್ದ, ಉದ್ದಕ್ಕೆ ಎಳೆದರೆ ನಿಲ್ಲುತ್ತಿದ್ದ. ಹೆಸರಿಗೆ ತಕ್ಕ ಹೊಟ್ಟೆಯ ತಂಬಿಗೆ ಅವನನ್ನು ನೋಡಿ ಕಲಿಯುತ್ತಿದ್ದ. ಒಬ್ಬಳನ್ನೊಬ್ಬಳು ಬಿಟ್ಟಿರಲಾರದ ಅಕ್ಕತಂಗಿಯರು, ಅಂದರೆ ಗುಂಡಿ ಮತ್ತು ಕಾಜ, ತಂಬಿಗೆಯನ್ನು ನೋಡಿ ಕಲಿಯುತ್ತಿದ್ದರು. ಕುದುರೆ ಪಳಗಿಸುವುದೆಂದರೆ ಒಂದೇ ಮಾತನ್ನು ಸಾವಿರ ಸಲ, ಒಮ್ಮೆಯೂ ಸಿಟ್ಟು ಬಾರದಂತೆ ಹೇಳುವುದು. ಮನುಷ್ಯರೊಡನೆ ಇದನ್ನು ಪ್ರಯತ್ನಿಸಿ ಸೋತ ಮೇಲೆಯೇ ನಾನು ಈ ಕಸುಬಿಗೆ ಬಂದದ್ದು. ಸಿಳ್ಳೆಯ ಪಾಠಕ್ಕೆ ಎಂಟು ತಿಂಗಳು ಹಿಡಿದಿತ್ತು. ತಾವಾದರೋ ಬಂದ ಎರಡನೆಯ ವಾರ ಐದಕ್ಕೆ ಕಾಲು ಗಂಟೆ ಮುಂಚೆ ಕೊಟ್ಟಿಗೆಯ ಹಿಂದಿನಿಂದ ರಾಗ ತೆಗೆದಿರಿ. ಮೂರು ದಿನ ಕುದುರೆಗಳು ಬೆಚ್ಚಿದವು, ನಾಲ್ಕನೆಯ ದಿನ ಅದನ್ನು ಕೇಳಿದೊಡನೆ ಗೋದಲಿಯ ಮುಂದೆ ಸಾಲಾಗಿ ನಿಂತವು. ತಮ್ಮ ಬೋಧನಾಕ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಅದು ಇಷ್ಟು ಕರ್ಕಶವಾಗಿರಬೇಕಿತ್ತೇ ಎಂಬುದಷ್ಟೇ ಪ್ರಶ್ನೆ.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ನನ್ನ ದೂರು ಸುಂಟಿಯ ವಿಷಯದಲ್ಲಿದೆ.

ಸುಂಟಿಗೆ ಈಗ ಇಪ್ಪತ್ತೆರಡು. ಹುಟ್ಟುವಾಗ ಹಿಂಗಾಲು ಮುಂದಾಗಿ ಬಂದವಳನ್ನು ಎಳೆದು ತೆಗೆದವನು ನಾನು. ಎದ್ದು ನಿಂತ ಗಳಿಗೆಯಿಂದ ಅಮ್ಮನ ಸುತ್ತ ಗಿರಗಿರನೆ ಸುತ್ತಿದ್ದಕ್ಕೆ ಸುಂಟರಗಾಳಿ ಎಂದು ಹೆಸರಿಟ್ಟವಳು ಅಕ್ಕ. ಬೆಳೆದ ಮೇಲೆ ಗಾಳಿ ಹೋಗಿ ಸುಂಟಿ ಮಾತ್ರ ಉಳಿಯಿತು. ನಮ್ಮಲ್ಲಿ ಸವಾರಿ ಕಲಿತವರಲ್ಲಿ ಮುಕ್ಕಾಲು ಪಾಲು ಕಲಿತದ್ದು ಅವಳ ಬೆನ್ನ ಮೇಲೆ. ಯಾರಾದರೂ ಜಾರಿ ಬಿದ್ದರೆ, ಅವರು ಎದ್ದು ಬಟ್ಟೆ ಕೊಡವಿಕೊಳ್ಳುವವರೆಗೆ ಎತ್ತಿದ ಕಾಲನ್ನು ಕೆಳಗಿಡದೆ ನಿಲ್ಲುತ್ತಿದ್ದಳು. ಕಳೆದ ವರ್ಷ ಅವಳ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಔಷಧಿ ಹಾಕಿದರೆ ಇಳಿಯುವುದು, ತಿಂಗಳಾದರೆ ಮತ್ತೆ ಬರುವುದು. ಪ್ರತಿ ಸಲ ಬಂದಾಗಲೂ ಸ್ವಲ್ಪ ಬೆಳಕನ್ನು ಜೊತೆಗೆ ಒಯ್ಯುವುದು. ಮೊದಲು ಎಡಗಣ್ಣು ಹೋಯಿತು. ತಾವು ಬಂದು ನಾಲ್ಕು ತಿಂಗಳಾದಾಗ ಬಲಗಣ್ಣಿಗೂ ಪೂರ್ತಿ ಬಿಳಿ ಪೊರೆ ಕಟ್ಟಿತು.

ಕತ್ತಲೆ ಅವಳಿಗೆ ಒಗ್ಗಲಿಲ್ಲ. ಬಾಗಿಲ ಕಂಬಕ್ಕೆ ಹಾಯ್ದು ಹಣೆ ಒಡೆದುಕೊಂಡಳು. ಹುಲ್ಲಿನ ಸರಭರಕ್ಕೂ ಬೆಚ್ಚಿ ಗೋಡೆಗೆ ಒದೆಯುತ್ತಿದ್ದಳು. ನಾನು ಐದು ವಾರ ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ: ಮಾತಾಡುತ್ತ ಮುಂದೆ ನಡೆದೆ, ಬೇಲಿಯುದ್ದಕ್ಕೂ ಹಗ್ಗ ಕಟ್ಟಿ ಅದಕ್ಕೆ ಮೈ ತಾಗಿಸಿ ನಡೆಸಿದೆ, ತೊಟ್ಟಿಗೆ ಎಷ್ಟು ಹೆಜ್ಜೆ ಎಂದು ಅಭ್ಯಾಸ ಮಾಡಿಸಿದೆ. ಕೈಯಲ್ಲಿ ಹಗ್ಗ ಇರುವತನಕ ಬರುವಳು. ಬಿಟ್ಟೊಡನೆ ನಿಂತಲ್ಲೇ ನಡುಗುವಳು, ಕರೆದರೆ ಇನ್ನೂ ಹೆಚ್ಚು ನಡುಗುವಳು. ಒಂದು ದಿನ ನಾನು ಹಿಂದಿನಿಂದ ಬಂದದ್ದು ತಿಳಿಯದೆ ಒದ್ದಳು. ಪಕ್ಕೆಲುಬು ಮುರಿದದ್ದು ಹಾಗೆ. ಕೊನೆಗೆ ಅವಳು ಲಾಯದೊಳಗೆ ತಾನು ನಿಲ್ಲುವ ಅಂಕಣದಿಂದ ಹೊರಗೆ ಬರುವುದನ್ನೇ ಬಿಟ್ಟಳು, ಆಮೇಲೆ ಮೇವನ್ನು.

ನಮ್ಮ ಕುದುರೆಗಳನ್ನು ಹತ್ತು ವರ್ಷದಿಂದ ನೋಡುತ್ತಿರುವ ಪಶುವೈದ್ಯೆ ಬಂದು ಪರೀಕ್ಷಿಸಿದರು. ಹೊರಗೆ ಬಂದು ಕೈ ತೊಳೆದುಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು: "ಕಣ್ಣಿಗೆ ಮಾಡೋದೇನೂ ಉಳಿದಿಲ್ಲ. ಕುರುಡಾಗಿ ಬದುಕೋ ಕುದುರೆಗಳಿವೆ, ಆದ್ರೆ ಇವಳು ಹೆದರಿಕೆಯಲ್ಲೇ ಬದುಕ್ತಿದ್ದಾಳೆ. ಅದು ಅವಳಿಗೆ ಶಿಕ್ಷೆ. ಯೋಚನೆ ಮಾಡಿ." ನಾನು ಮೂರು ದಿನ ಯೋಚನೆ ಮಾಡಿ ಫೋನು ಮಾಡಿದೆ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ನೋವಿಲ್ಲದೆ ಅವಳನ್ನು ಕಳಿಸಿಕೊಡುವ ಸೂಜಿ ತರುವುದೆಂದಾಯಿತು. ಅಕ್ಕ ಬೂಸಾ ಕಲಸಿ, ಬೆಲ್ಲ ಹಾಕಿ, ಸುಂಟಿಯ ಬಾಯಿಯ ಹತ್ತಿರ ಬೊಗಸೆ ಹಿಡಿದು ಬಹಳ ಹೊತ್ತು ನಿಂತಿದ್ದಳು.

ತಮ್ಮ ಅಕ್ರಮ ಪ್ರವೇಶ ನಡೆದದ್ದು ಅದೇ ವಾರದ ಬುಧವಾರ, ಬೆಳಗಿನ ಒಂಬತ್ತರ ಸುಮಾರಿಗೆ. ತಾವು ಹಗ್ಗ ಕಡಿದುಕೊಂಡು, ಲಾಯದೊಳಗೆ ನಡೆದು, ಸುಂಟಿಯ ಅಂಕಣದ ಅಗುಳಿಯನ್ನು ತುಟಿಯಿಂದ ಸರಿಸಿ, ಅಪ್ಪಣೆಯಿಲ್ಲದೆ ಒಳಹೊಕ್ಕು, ರೋಗಿಗೆಂದು ಇಟ್ಟಿದ್ದ ಬೆಲ್ಲದ ಬೂಸಾವನ್ನು ಮೇಯತೊಡಗಿದಿರಿ. ಅವಳು ಕಿವಿ ಮಡಚಿ ತಮ್ಮ ಕತ್ತಿಗೆ ಬಾಯಿ ಹಾಕಿದಳು. ತಾವು ಮೇಯುತ್ತಲೇ ಇದ್ದಿರಿ. ಅವಳು ಒದ್ದಳು. ತಾವು ಅರ್ಧ ಹೆಜ್ಜೆ ಸರಿದು ಮೇಯುವುದನ್ನು ಮುಂದುವರಿಸಿದಿರಿ. ಇಂಥ ಭಂಡತನವನ್ನು ನಾನು ಕಚೇರಿಗಳಲ್ಲಿ ಕಂಡಿದ್ದೆ, ಲಾಯದಲ್ಲಿ ಕಂಡದ್ದು ಅದೇ ಮೊದಲು. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ನಾನು ಏನು ಮಾಡಲೂ ತೋಚದೆ ನೋಡುತ್ತಿದ್ದಾಗ, ಅವಳು ಸೋತವಳಂತೆ ತಲೆ ಬಗ್ಗಿಸಿ, ತಮ್ಮ ಬೆನ್ನಿನ ಹಳೆಯ ಗಾಯದ ಕಲೆಯನ್ನು ಮೂಸಿದಳು. ಬಹಳ ಹೊತ್ತು ಮೂಸಿದಳು.

ಮೇವು ಮುಗಿದಿತ್ತಾದ್ದರಿಂದ ತಾವು ತಿರುಗಿ ಹೊರಟಿರಿ. ಅವಳು ಮೂತಿಯನ್ನು ತಮ್ಮ ಸೊಂಟದ ಮೇಲಿಟ್ಟು ಹಿಂದೆಯೇ ಹೊರಟಳು.

ಹನ್ನೆರಡು ದಿನದಿಂದ ಹೊಸ್ತಿಲು ದಾಟದವಳು ದಾಟಿದಳು. ಹಣೆ ಒಡೆದ ಕಂಬವನ್ನು ತಾವು ಸುತ್ತಿ ಹೋದಿರಿ, ಅವಳೂ ಸುತ್ತಿದಳು. ತೊಟ್ಟಿಯ ಬಳಿ ನಿಂತಿರಿ, ಅವಳು ನಿಂತು ನೀರು ಕುಡಿದಳು. ಮುಂದೆ ಇಳಿಜಾರು, ಅದರಾಚೆ ಬಯಲು. ನಾನು ಬಕೆಟ್ಟು ಬಿಸಾಡಿ, ಹಗ್ಗ ಎತ್ತಿಕೊಂಡು, ಅವಳ ಹೆಸರು ಹಿಡಿದು ಕರೆಯಲು ಬಾಯಿ ತೆಗೆದೆ. ಅಡುಗೆಮನೆಯ ಕಿಟಕಿಯಿಂದ ಅಕ್ಕ ಮೆಲ್ಲಗೆ ಅಂದಳು:

"ಸುಮ್ನಿರು. ನೀನು ಕರೆದ್ರೆ ನಿಂತ್ಬಿಡ್ತಾಳೆ."

ಮಾನ್ಯರೇ, ಮೂವತ್ತೊಂದು ವರ್ಷ ಕುದುರೆಗಳಿಗೆ ನನ್ನ ದನಿ ಕಲಿಸಿದ್ದೇನೆ. ಬಾಯಿ ಮುಚ್ಚಿಕೊಂಡು ನಿಲ್ಲುವುದಕ್ಕಿಂತ ಕಷ್ಟದ ಪಾಠವನ್ನು ಈ ಲಾಯದಲ್ಲಿ ಯಾರಿಗೂ ಕಲಿಸಿದ ನೆನಪಿಲ್ಲ. ನಿಂತೆ. ಇಬ್ಬರೂ ಇಳಿಜಾರಿನಲ್ಲಿ ಮರೆಯಾದಿರಿ. ಆಮೇಲೆ ಬೇಲಿಯ ಹತ್ತಿರ ಹೋಗಿ ನೋಡಿದರೆ ತಾವು ಮೇಯುತ್ತಿದ್ದಿರಿ, ತಮ್ಮ ಪಕ್ಕದಲ್ಲಿ ಅವಳು ನೆಲದಲ್ಲಿ ಮಲಗಿ ಹೊರಳಾಡುತ್ತಿದ್ದಳು. ಹೆದರಿದ ಕುದುರೆ ಹೊರಳಾಡುವುದಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಹೊಗೆ ಅಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಶುಕ್ರವಾರ ಹತ್ತಕ್ಕೆ ಪಶುವೈದ್ಯೆ ಪೆಟ್ಟಿಗೆ ಹಿಡಿದು ಬಂದರು. ಬೇಲಿಗೆ ಒರಗಿ ಒಂದು ಗಂಟೆ ತಮ್ಮಿಬ್ಬರನ್ನೂ ನೋಡಿದರು. ಅಕ್ಕ ಕೊಟ್ಟ ಚಹಾ ಕೈಯಲ್ಲೇ ಆರಿತು. ಪೆಟ್ಟಿಗೆ ತೆಗೆಯಲಿಲ್ಲ. ಹೊರಡುವಾಗ ಕೇಳಿದ್ದು ಒಂದೇ ಮಾತು: "ಕತ್ತೆಗೆ ಹುಳದ ಔಷಧಿ ಕೊಟ್ಟಿದ್ದೀರಾ?" ಕೊಟ್ಟಿರಲಿಲ್ಲ. ಬೈದರು.

ಅಂದಿನಿಂದ ನನ್ನ ದಿನಚರಿ ತಮ್ಮ ಚಿತ್ತದಂತೆ ನಡೆಯುತ್ತಿದೆ. ಸುಂಟಿಗೆ ತಾವು ಎಲ್ಲಿದ್ದೀರೆಂದು ತಿಳಿಯಲೆಂದು ಗಂಟೆ ಕೊಳ್ಳಲು ಹೋಗಿ, ಅಂಗಡಿಯಲ್ಲಿದ್ದ ಇಪ್ಪತ್ತು ಗಂಟೆಗಳನ್ನೂ ಕಣ್ಣು ಮುಚ್ಚಿಕೊಂಡು ಅಲ್ಲಾಡಿಸಿ ಆರಿಸಿದೆ. ಅಂಗಡಿಯವನು ಈಗಲೂ ನನ್ನನ್ನು ಕಂಡರೆ ಬಹಳ ಮೃದುವಾಗಿ ಮಾತಾಡುತ್ತಾನೆ. ತಾವು ಬಯಲಿಗೆ ಹೋದ ಮೇಲೆ ಲದ್ದಿ ತೆಗೆಯುತ್ತೇನೆ, ತಾವು ಬಂದ ಮೇಲೆ ನೀರಿಡುತ್ತೇನೆ. ಉಳಿದ ನಾಲ್ವರೂ ತಮ್ಮ ಗಂಟೆಯ ಹಿಂದೆ ಸಾಲಾಗಿ ಬರುತ್ತಾರೆ, ಕೊನೆಯಲ್ಲಿ ಸಿಳ್ಳೆ ಹಿಡಿದು ನಾನು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂಬ ಗಾದೆಯನ್ನು ಅಕ್ಕ ಮನೆಯಲ್ಲಿ ನಿಷೇಧಿಸಿದ್ದಾಳೆ. ಕಲಿಯುವವರು ನನ್ನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅಕ್ಕ ತಮ್ಮನ್ನು ಹಾಗೆ ಕರೆಯತೊಡಗಿದ ಮೇಲೆ, ಅಂಗಳದಲ್ಲಿ ಯಾರಾದರೂ "ಮೇಷ್ಟ್ರೇ" ಅಂದರೆ ನಾವಿಬ್ಬರೂ ತಿರುಗುತ್ತೇವೆ. ಹೆಚ್ಚಿನ ಸಲ ಕೆಲಸ ತಮ್ಮ ಹತ್ತಿರವೇ ಇರುತ್ತದೆ.

ಇದೆಲ್ಲ ಸಹಿಸಬಲ್ಲೆ. ಸಹಿಸಲಾರದ್ದು ಒಂದಿದೆ, ಅದನ್ನು ಮುಚ್ಚಿಡುವುದು ಬಹಿರಂಗ ಪತ್ರಕ್ಕೆ ಶೋಭೆಯಲ್ಲ. ಮೊದಲು ನಾನು ಕರೆದರೆ ಸುಂಟಿ ಎರಡೂ ಕಿವಿ ನೆಟ್ಟಗೆ ಮಾಡಿ, ಮಾಡುತ್ತಿದ್ದ ಕೆಲಸ ಬಿಟ್ಟು ಬರುತ್ತಿದ್ದಳು. ಈಗ ಒಂದು ಕಿವಿಯನ್ನು ನನ್ನ ಕಡೆ ತಿರುಗಿಸುತ್ತಾಳೆ. ಇನ್ನೊಂದು ತಮ್ಮ ಗಂಟೆಯ ಮೇಲಿರುತ್ತದೆ. ನೋವಾಯಿತೇ ಎಂದು ತಾವು ಕೇಳುವವರಲ್ಲ. ಆದರೂ ಹೇಳಿಬಿಡುತ್ತೇನೆ, ಆಯಿತು.

ಕೋರಿಕೆಗಳು ಹೆಚ್ಚಿಲ್ಲ. ತಾವು ಅನುಸರಿಸಿದ ವಿಧಾನವನ್ನು ಬಿಡುವಾದಾಗ ವಿವರಿಸಬೇಕು. ಐದು ವಾರ ನಾನು ಅವಳ ಮುಂದೆ ಅವಳ ಭಯದ ಬಗ್ಗೆಯೇ ಯೋಚಿಸುತ್ತ ನಡೆದೆ, ತಾವು ಮೇವಿನ ಬಗ್ಗೆ ಯೋಚಿಸುತ್ತ ನಡೆದಿರಿ. ಗುಟ್ಟು ಇಷ್ಟೇ ಆಗಿದ್ದರೆ ವಿವರಣೆ ಬೇಡ. ಇನ್ನೊಂದು ಕೋರಿಕೆ ಸ್ವಲ್ಪ ಭಾರದ್ದು. ಹೋದ ವಾರ ಪಶುವೈದ್ಯೆ ತಮ್ಮ ಹಲ್ಲು ನೋಡಿ, ವಯಸ್ಸು ಇಪ್ಪತ್ತೆಂಟಕ್ಕೆ ಕಡಿಮೆಯಿಲ್ಲ ಎಂದರು. ಈಚೆಗೆ ಕಾಣಿಸಿಕೊಂಡ ತಮ್ಮ ಹಿಂಗಾಲಿನ ಕುಂಟು ಚಳಿಗೆ ಬಂದದ್ದಲ್ಲ, ವಯಸ್ಸಿನದು ಎಂದೂ ಸೇರಿಸಿದರು. ಈ ಸಂಗತಿಯನ್ನು ತಾವು ಬಂದ ದಿನವೇ ತಿಳಿಸಬೇಕಿತ್ತು. ಇರಲಿ. ಇನ್ನು ಮುಂದೆ ಬೆಳಿಗ್ಗೆ ಆ ಕಾಲಿಗೆ ಬಿಸಿ ಎಣ್ಣೆ ತಿಕ್ಕುವುದು ನನ್ನ ಕೆಲಸ, ಮೆತ್ತಗಿನ ಹುಲ್ಲು ಆರಿಸಿ ಹಾಕುವುದು ಅಕ್ಕನ ಕೆಲಸ, ಬೆಲ್ಲದ ಬೂಸಾ ತಮ್ಮ ಹಕ್ಕು. ಪ್ರತಿಯಾಗಿ ತಾವು ಸುಂಟಿಗಿಂತ ಒಂದೇ ಒಂದು ದಿನ ಹೆಚ್ಚಿಗೆ ಬದುಕತಕ್ಕದ್ದು. ಅದು ತಮ್ಮ ಕೈಯಲ್ಲಿಲ್ಲವೆಂಬ ಸಬೂಬು ಹೇಳಬೇಡಿ. ತಮ್ಮ ಕೈಯಲ್ಲಿಲ್ಲದ ಕೆಲಸವನ್ನು ತಾವು ಒಮ್ಮೆ ಮಾಡಿ ತೋರಿಸಿದ್ದೀರಿ.

ಅಗುಳಿಯನ್ನು ತೆಗೆಸಿಬಿಟ್ಟಿದ್ದೇನೆ. ಬಾಗಿಲು ತೆರೆದೇ ಇದೆ.

ಇಂತು ತಮ್ಮ ಗೊರಸುಗಳಲ್ಲಿ ನಿರತನಾಗಿರುವ,
ತಮ್ಮ ವಿಶ್ವಾಸಿ,
ಈ ಲಾಯದ ಇನ್ನೊಬ್ಬ ಮೇಷ್ಟ್ರು

ಮರೆತ ಮಾತು: ನಿನ್ನೆ ಗೇಟಿನ ಬೋರ್ಡಿಗೆ ಹೊಸದಾಗಿ ಬಣ್ಣ ಬಳಿಯಲು ಬಂದ ಪೇಂಟರು, "ಮುಖ್ಯ ತರಬೇತುದಾರರು" ಎಂದು ಬರೆದು, ಮುಂದೆ ಯಾರ ಹೆಸರು ಹಾಕಲಿ ಎಂದು ಅಕ್ಕನನ್ನು ಕೇಳಿದ. ಅವಳು ನನ್ನ ಹೆಸರನ್ನೇ ಹೇಳಿದಳು. ಆದರೆ ಹೇಳುವ ಮುಂಚೆ ಒಮ್ಮೆ ಬಯಲಿನ ಕಡೆ ನೋಡಿ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತಿಗೆ ತಾವೇ ಹೊಣೆ.