ಏಳು ಸ್ಕ್ರೂಗಳ ಅಳತೆ

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಅಳತೆ ಮಾಮ ಹೆಂಡತಿಯ ಕಂಪ್ಯೂಟರಿನ ಬೆನ್ನಿಗೆ ಕಿವಿಯಿಟ್ಟರು. ಒಳಗಿನ ಫ್ಯಾನು ಗೊರಗೊರ ಎನ್ನುತ್ತಿತ್ತು. ಮಾಮ ದರ್ಜಿ. ಟೇಪು ಹಿಡಿದು ನೋಡದೆ ಒಂದು ಕಾಲೊರಸನ್ನೂ ಕೊಂಡವರಲ್ಲ. ಬೀದಿಯವರು ಆ ಹೆಸರಿಟ್ಟದ್ದು ಅದಕ್ಕೇ.

"ಧೂಳು ಕೂತಿದೆ. ಅರ್ಧ ಗಂಟೇಲಿ ಬಿಚ್ಚಿ, ಒರೆಸಿ, ಮುಚ್ಚಿಬಿಡ್ತೀನಿ."

"ಇವತ್ತು ಬೇಡ ರೀ," ಎಂದರು ಹೆಂಡತಿ. ಅವರದು ಅನುವಾದದ ಕೆಲಸ. "ಆಸ್ಪತ್ರೆಯ ಕೈಪಿಡಿ ಸಂಜೆ ಐದಕ್ಕೆ ಕಳಿಸಬೇಕು. ಎರಡು ತಿಂಗಳ ಕೆಲಸ ಅದರೊಳಗೇ ಇದೆ, ಇನ್ನೆಲ್ಲೂ ಇಲ್ಲ. ಕೊನೇ ನಾಲ್ಕು ಪುಟ ಬಾಕಿ. ತಲೆ ಸಿಡೀತಿದೆ, ಸ್ವಲ್ಪ ಮಲಗಿ ಎದ್ದು ಮುಗಿಸ್ತೀನಿ."

"ಕೋಟನ್ನೇ ಬಿಚ್ಚಿ ಒಳಹೊರಗು ಮಾಡಿ ಹೊಲಿಯೋ ಕೈ ಕಣೇ ಇದು."

"ಕೋಟಿನೊಳಗೆ ಕರೆಂಟ್ ಇರಲ್ಲ. ಮುಟ್ಟಬೇಡಿ."

ಅವರ ಗೊರಕೆ ಕೇಳುವವರೆಗೆ ಮಾಮ ಮುಟ್ಟಲಿಲ್ಲ.

ಪರದೆ, ಯಂತ್ರ ಎರಡೂ ಒಂದೇ ಮೈಯಲ್ಲಿರುವ ಜಾತಿಯ ಕಂಪ್ಯೂಟರ್ ಅದು. ಮಾಮ ಪ್ಲಗ್ ಕಿತ್ತರು, ಅಷ್ಟು ಬುದ್ಧಿ ಇತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಖಮಲ್ ಹಾಸಿ ಬೋರಲು ಮಲಗಿಸಿದರು. ಏಳು ಸ್ಕ್ರೂ ಬಿಚ್ಚಿ ಗುಂಡಿಗಳ ಡಬ್ಬಿಯ ಮುಚ್ಚಳಕ್ಕೆ ಹಾಕಿದರು. ಮೂವತ್ತು ವರ್ಷ ಗುಂಡಿ ಆರಿಸಿದ ಕಣ್ಣು ಮುಖವನ್ನಷ್ಟೇ ನೋಡುತ್ತದೆ. ಒಂದೇ ಮುಖವೆಂದರೆ ಒಂದೇ ಮನೆತನ. ಏಳಕ್ಕೂ ಒಂದೇ ಮುಖವಿತ್ತು. ಮೂರಕ್ಕೆ ಕಾಲು ಮಾತ್ರ ಅರ್ಧ ಅಕ್ಕಿಕಾಳಿನಷ್ಟು ಉದ್ದ.

ಫ್ಯಾನಿನಿಂದ ಒಂದು ಪುಟ್ಟ ದಿಂಬಿಗಾಗುವಷ್ಟು ಧೂಳು ಬಂತು. ಮಾಮ ಕೋಟೆ ಗೆದ್ದ ದಳಪತಿಯಂತೆ ಅದನ್ನು ದಿಟ್ಟಿಸಿ, ಮುಚ್ಚಳ ಕೂರಿಸಿ, ಸ್ಕ್ರೂ ಬಿಗಿಯತೊಡಗಿದರು. ಆರನೆಯದು ಅರ್ಧಕ್ಕೇ ನಿಂತಿತು. ದರ್ಜಿಗೆ ಸಡಿಲ ಗುಂಡಿಯಂಥ ಅವಮಾನ ಇನ್ನೊಂದಿಲ್ಲ. ಒತ್ತಿ ಹಿಡಿದು ಮತ್ತೊಂದೂವರೆ ಸುತ್ತು ತಿರುಗಿಸಿದರು. ಒಳಗೆ 'ಟಿಕ್' ಎಂದಿತು. ಒತ್ತುಗುಂಡಿ ಸರಿಯಾಗಿ ಕೂತಾಗ ಬರುವ ಸದ್ದು ಅದೇ ಆದ್ದರಿಂದ ಅವರಿಗೆ ಸಂತೋಷವೇ ಆಯಿತು.

ಏಳನೆಯದನ್ನೂ ಬಿಗಿದು, ಎತ್ತಿ ನಿಲ್ಲಿಸಿ ಸ್ವಿಚ್ ಹಾಕಿದರು. ಪರದೆಯ ನಡುವೆ ಕಪ್ಪು ಕಲೆಯೊಂದು, ಬಿಳಿ ಅಂಗಿಗೆ ಚೆಲ್ಲಿದ ಮಸಿಯಂತೆ, ನಿಧಾನವಾಗಿ ಅಂಚಿನವರೆಗೂ ಹರಡಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಫ್ಯಾನಿನ ಸದ್ದು ನಿಂತಿದೆ ನೋಡು," ಎಂದರು ಮಾಮ.

"ಕಾಣಿಸ್ತಿದೆ. ಅದೊಂದೇ ಕಾಣಿಸ್ತಿರೋದು."

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಹೆಂಡತಿ ಫೋನ್ ಮಾಡಿದ್ದೇ ಬೀದಿಯ ಮೂಲೆಯ ಕಂಪ್ಯೂಟರ್ ಅಂಗಡಿಯಾಕೆ ಓಡಿ ಬಂದರು. ಬೆನ್ನು ಬಿಚ್ಚಿ, ಏಳೂ ಸ್ಕ್ರೂಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು.

"ಮಾಮ, ಗಿಡ್ಡದ್ದರ ಜಾಗಕ್ಕೆ ಉದ್ದದ್ದು ಹಾಕಿದೀರಿ. ಬೆನ್ನಿಂದ ಹೊಕ್ಕು ಪರದೆಗೆ ಚುಚ್ಚಿದೆ. ಅಳೆದು ನೋಡಲಿಲ್ವಾ?"

ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಮಾಮ ಮೆಲ್ಲಗೆ ತೆಗೆದು ಜೇಬಿಗಿಳಿಸಿದರು.

"ನನ್ನ ಕೆಲಸ?" ಹೆಂಡತಿಯ ದನಿ ಸಣ್ಣಗಾಗಿತ್ತು.

"ಕಣ್ಣು ಹೋಗಿದೆ ಅಕ್ಕ, ತಲೆ ಸರಿ ಇರಬೇಕು. ಟಿವಿಗೆ ಸೇರಿಸಿ ನೋಡೋಣ."

ಕಂಪ್ಯೂಟರನ್ನು ನಡುಮನೆಗೆ ಹೊತ್ತು, ಟಿವಿಗೆ ತಂತಿ ಸಿಕ್ಕಿಸಿದರು. ಟಿವಿ ಮಿನುಗಿತು. ಕೈಪಿಡಿ ಗೋಡೆಯಗಲ ಬಂದು ನಿಂತಿತು, ಒಂದಕ್ಷರವೂ ಕಳೆದಿರಲಿಲ್ಲ. ಹೆಂಡತಿ ಕುರ್ಚಿ ಎಳೆದು ಕೂತವರು, ಅಂಗೈಯಗಲದ ಅಕ್ಷರಗಳಲ್ಲಿ ನಾಲ್ಕು ಪುಟ ಮುಗಿಸಿ, ಐದಕ್ಕೆ ಎಂಟು ನಿಮಿಷವಿರುವಾಗ ಕಳಿಸಿದರು. ಅಲ್ಲಿಯವರೆಗೆ ಮಾಮ ಗೋಡೆಗೆ ಆನಿಸಿಟ್ಟ ಕೊಡೆಯಂತೆ ನಿಂತಿದ್ದರು.

"ಹೊಸ ಪರದೆ ಬರೋಕೆ ಎರಡು ವಾರ," ಎಂದು ಅಂಗಡಿಯಾಕೆ ಹೊರಟರು.

ಹೆಂಡತಿ ಬೆರಳ ನೆಟಿಕೆ ತೆಗೆದರು. ಮೇಜಿನ ಮೇಲಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

"ರೀ, ನಿಮ್ಮ ಅಂಗಡಿಯ ಹೊಲಿಗೆ ಮಷೀನು ಈಚೆಗೆ ಸ್ವಲ್ಪ ಕಿರ್ ಅಂತಿರುತ್ತೆ, ಅಲ್ವಾ? ನಾಳೆ ನನಗೆ ಬಿಡುವು."

ಮರುದಿನ ಬೆಳಿಗ್ಗೆ ಮಾಮ ತಮ್ಮ ಹೊಲಿಗೆ ಅಂಗಡಿಗೆ ಹೋಗುವಾಗ ಅದರ ಎರಡೂ ಕೀಲಿಕೈಗಳನ್ನು, ಯಾವಾಗಲೂ ಮನೆಯಲ್ಲಿರುತ್ತಿದ್ದುದನ್ನೂ ಸೇರಿಸಿ, ಜೊತೆಗೆ ಒಯ್ದರು.